ಆಟಿಸಂ, ಅವಳಿಗಳು ಮತ್ತು ಗರ್ಭದ ಒಂಬತ್ತು ತಿಂಗಳು

ಗರ್ಭಿಣಿಯರು ಪ್ಯಾರಸಿಟಮಾಲ್ ತೆಗೆದುಕೊಳ್ಳುವುದಕ್ಕೂ ಮಕ್ಕಳಲ್ಲಿ ಕಾಣುವ ಆಟಿಸಂಗೂ (ಒಡನಾಟ, ಸಂವಹನ, ವರ್ತನೆಗಳು ಬೇರೆಯಾಗಿರುವ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ) ನಂಟಿದೆ ಎಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2025ರ ಸೆಪ್ಟೆಂಬರ್ 22ರಂದು ಶ್ವೇತಭವನದಲ್ಲಿ ಹೇಳಿದರು. ಅಂಥ ನಂಟನ್ನು ಖಚಿತಪಡಿಸುವ ಪುರಾವೆ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಕೆಲವೇ ದಿನಗಳಲ್ಲಿ ಸ್ಪಷ್ಟಪಡಿಸಿತಾದರೂ, ಅಷ್ಟರೊಳಗೆ ಆ ಮಾತು ಎಲ್ಲೆಡೆ ಹಬ್ಬಿಯಾಗಿತ್ತು. ಆಟಿಸಂ ಇರುವ ಮಗುವಿನ ತಾಯಿ ತಾನು ಬಸುರಿಯಾಗಿದ್ದಾಗ ಏನು ತಿಂದೆ, ಯಾವ ಮಾತ್ರೆ ನುಂಗಿದೆ, ಎಷ್ಟು ದಿನ ಜ್ವರದಲ್ಲಿ ಮಲಗಿದ್ದೆ ಎಂದು ಒಳಗೊಳಗೇ ಲೆಕ್ಕ ಹಾಕುವುದು ಹೊಸದೇನಲ್ಲ. ಆ ಲೆಕ್ಕಕ್ಕೆ ಈಗ ಅಧಿಕಾರದ ಮುದ್ರೆ ಬಿದ್ದಂತಾಯಿತು. ಆಟಿಸಂನ ಮೂಲ ವಂಶವಾಹಿಗಳಲ್ಲಿದೆಯೋ ಗರ್ಭದಲ್ಲಿದೆಯೋ ಎಂಬ ಪ್ರಶ್ನೆಗೆ ವಿಜ್ಞಾನ ಸುಮಾರು ಐವತ್ತು ವರ್ಷಗಳಿಂದ ಉತ್ತರ ಹುಡುಕುತ್ತಿದೆ, ಆ ಹುಡುಕಾಟದಲ್ಲಿ ಅದು ಬಹಳವಾಗಿ ನೆಚ್ಚಿಕೊಂಡಿರುವುದು ಅವಳಿ ಮಕ್ಕಳನ್ನು. ಅವಳಿಗಳ ಅಧ್ಯಯನಗಳು ಏನನ್ನು ತೋರಿಸಿಕೊಟ್ಟಿವೆ, ಏನನ್ನು ತೋರಿಸಲಾರವು ಎಂಬುದನ್ನು ಬಿಡಿಸಿ ನೋಡುತ್ತ ಹೋದರೆ, ‘ವಂಶವಾಹಿಯೋ ಗರ್ಭವೋ’ ಎಂದು ಪ್ರಶ್ನೆಯನ್ನು ಎರಡಾಗಿ ಸೀಳಿದ್ದೇ ತಪ್ಪೆಂದು ನನಗೆ ಅನ್ನಿಸಿದೆ.

ಅವಳಿ ಅಧ್ಯಯನದ ತರ್ಕ ಸರಳವಾಗಿದೆ. ಒಂದೇ ಅಂಡ ಫಲಿತಗೊಂಡು ಆಮೇಲೆ ಇಬ್ಭಾಗವಾದರೆ ಹುಟ್ಟುವವರು ತದ್ರೂಪಿ ಅವಳಿಗಳು. ಇವರ ಡಿಎನ್‌ಎ ಹೆಚ್ಚುಕಡಿಮೆ ಒಂದೇ. ಎರಡು ಅಂಡಗಳು ಬೇರೆ ಬೇರೆಯಾಗಿ ಫಲಿತಗೊಂಡರೆ ಹುಟ್ಟುವವರು ಭಿನ್ನ ಅವಳಿಗಳು. ವಂಶವಾಹಿಗಳ ಮಟ್ಟಿಗೆ ಇವರು ಯಾವುದೇ ಅಣ್ಣತಮ್ಮಂದಿರಷ್ಟೇ ಹತ್ತಿರದವರು, ಅಂದರೆ ಮನುಷ್ಯರ ನಡುವೆ ವ್ಯತ್ಯಾಸವಾಗುವ ಭಾಗದಲ್ಲಿ ಸರಾಸರಿ ಅರ್ಧದಷ್ಟನ್ನು ಹಂಚಿಕೊಂಡವರು. ಎರಡೂ ಬಗೆಯ ಅವಳಿಗಳು ಒಂದೇ ಕಾಲದಲ್ಲಿ ಒಂದೇ ಗರ್ಭದಲ್ಲಿರುತ್ತಾರೆ, ಒಂದೇ ಮನೆಯಲ್ಲಿ ಬೆಳೆಯುತ್ತಾರೆ. ಹೀಗಿರುವಾಗ ಜೋಡಿಯಲ್ಲಿ ಒಬ್ಬರಿಗೆ ಆಟಿಸಂ ಇದ್ದರೆ ಇನ್ನೊಬ್ಬರಿಗೂ ಇರುವ ಸಾಧ್ಯತೆ, ಅಂದರೆ ಹೊಂದಿಕೆಯ ಪ್ರಮಾಣ, ತದ್ರೂಪಿಗಳಲ್ಲಿ ಭಿನ್ನ ಅವಳಿಗಳಿಗಿಂತ ಬಹಳ ಹೆಚ್ಚಿದ್ದರೆ ಆ ಹೆಚ್ಚಳವನ್ನು ವಂಶವಾಹಿಗಳ ಖಾತೆಗೆ ಬರೆಯಬಹುದು. ಎರಡೂ ಬಗೆಯವರಲ್ಲಿ ಹೊಂದಿಕೆ ಒಂದೇ ರೀತಿ ಹೆಚ್ಚಿದ್ದರೆ ಅವರು ಹಂಚಿಕೊಂಡ ಪರಿಸರವನ್ನು ಅನುಮಾನಿಸಬೇಕು. ತದ್ರೂಪಿಗಳಲ್ಲೂ ಹೊಂದಿಕೆ ನೂರಕ್ಕೆ ನೂರು ಇಲ್ಲದಿದ್ದರೆ, ಅವರಿಬ್ಬರಿಗೂ ಸಮಾನವಲ್ಲದ ಇನ್ನೇನೋ ಕೆಲಸ ಮಾಡಿದೆ ಎಂದು ತಿಳಿಯಬೇಕು.

ಈ ತರ್ಕವನ್ನು ಆಟಿಸಂಗೆ ಮೊದಲು ಹಚ್ಚಿ ನೋಡಿದವರು ಬ್ರಿಟನ್ನಿನಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟ್ಟರ್. ಅವರ ಅಧ್ಯಯನ ಪ್ರಕಟವಾದದ್ದು 1977ರಲ್ಲಿ. ತಾಯಿಯ ಮಮತೆಯ ಕೊರತೆಯೇ ಆಟಿಸಂಗೆ ಕಾರಣ ಎಂಬ ವಾದ ಅದಕ್ಕೆ ಮುಂಚಿನ ಎರಡು ದಶಕಗಳಲ್ಲಿ ಮನೋವೈದ್ಯಕೀಯದಲ್ಲಿ ಬಲವಾಗಿ ಬೇರೂರಿತ್ತು, ಎಷ್ಟೋ ಕುಟುಂಬಗಳು ಅದರಿಂದ ನೊಂದಿದ್ದವು. ಇಬ್ಬರೂ ಸಂಶೋಧಕರು ಕಲೆಹಾಕಿದ್ದು ಬರೀ 21 ಜೋಡಿಗಳನ್ನು. 11 ತದ್ರೂಪಿ ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. 10 ಭಿನ್ನ ಜೋಡಿಗಳಲ್ಲಿ ಒಂದರಲ್ಲೂ ಇರಲಿಲ್ಲ. ಆಟಿಸಂ ಅಲ್ಲದಿದ್ದರೂ ಭಾಷೆ ಅಥವಾ ಗ್ರಹಿಕೆಯ ತೊಂದರೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ತದ್ರೂಪಿಗಳಲ್ಲಿ ಹೊಂದಿಕೆ ಶೇ 82ಕ್ಕೆ ಏರಿತು, ಭಿನ್ನ ಅವಳಿಗಳಲ್ಲಿ ಶೇ 10ರಲ್ಲೇ ನಿಂತಿತು. ತಾಯಿಯನ್ನು ಕಟಕಟೆಗೆ ಎಳೆದಿದ್ದ ವಾದ ಇದರ ಮುಂದೆ ನಿಲ್ಲುವುದು ಕಷ್ಟವಾಯಿತು.

ಅದೇ ಅಧ್ಯಯನದ ಇನ್ನೊಂದು ಭಾಗವನ್ನು ಉಲ್ಲೇಖಿಸುವವರು ಕಡಿಮೆ, ನನಗೆ ಅದು ಮೊದಲ ಭಾಗದಷ್ಟೇ ಮುಖ್ಯವೆನಿಸುತ್ತದೆ. ಜೋಡಿಯಲ್ಲಿ ಒಬ್ಬರಿಗೆ ಮಾತ್ರ ಆಟಿಸಂ ಇದ್ದ 17 ಪ್ರಕರಣಗಳ ಪೈಕಿ 12ರಲ್ಲಿ, ಆಟಿಸಂ ಇದ್ದ ಮಗುವೇ ಹೆರಿಗೆಯ ಸುತ್ತಮುತ್ತ ಮಿದುಳಿಗೆ ಅಪಾಯ ತರಬಲ್ಲ ಜೈವಿಕ ತೊಂದರೆಗೆ ಒಳಗಾಗಿತ್ತು. ಅಂದರೆ ವಂಶವಾಹಿ ಮತ್ತು ಗರ್ಭ ಎರಡೂ ಮೊದಲ ದಿನದಿಂದಲೇ ಒಟ್ಟಿಗೆ ಕಾಣಿಸಿಕೊಂಡಿದ್ದವು. 1995ರಲ್ಲಿ ಆಂಥೊನಿ ಬೇಯ್ಲಿ ಮತ್ತು ಸಂಗಡಿಗರು ಇನ್ನೂ ದೊಡ್ಡ ಬ್ರಿಟಿಷ್ ಗುಂಪನ್ನು ಪರಿಶೀಲಿಸಿದಾಗ ಆಟಿಸಂನ ಹೊಂದಿಕೆ ತದ್ರೂಪಿಗಳಲ್ಲಿ ಶೇ 60, ಭಿನ್ನ ಅವಳಿಗಳಲ್ಲಿ ಸೊನ್ನೆ. ವಿಶಾಲ ವ್ಯಾಖ್ಯೆಯಲ್ಲಿ ಕ್ರಮವಾಗಿ ಶೇ 92 ಮತ್ತು ಶೇ 10. ಹೆರಿಗೆಯ ತೊಂದರೆಗಳ ಬಗ್ಗೆ ಅವರು ಮುಂದಿಟ್ಟ ವಿವರಣೆ ಸೂಕ್ಷ್ಮವಾದುದು: ಭ್ರೂಣದ ಬೆಳವಣಿಗೆಯೇ ಮೊದಲಿನಿಂದ ಬೇರೆ ಹಾದಿ ಹಿಡಿದಿದ್ದರೆ ಆ ಕಾರಣದಿಂದಲೇ ಹೆರಿಗೆ ಕಷ್ಟವಾಗಿರಬಹುದು, ಆಗ ಕಷ್ಟದ ಹೆರಿಗೆ ಆಟಿಸಂನ ಕಾರಣವಾಗದೆ ಅದರ ಜೊತೆಗೆ ಬಂದ ಇನ್ನೊಂದು ಪರಿಣಾಮವಾಗಿರುತ್ತದೆ. ಗರ್ಭಕಾಲದ ಯಾವ ಅಂಶವನ್ನು ಆಟಿಸಂ ಜೊತೆ ಜೋಡಿಸಿ ಹೇಳಿದರೂ ಈ ಎಚ್ಚರಿಕೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

2011ರವರೆಗೆ ಚಿತ್ರ ಬಹುಮಟ್ಟಿಗೆ ಹೀಗೇ ಇತ್ತು. ಆ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಯೋಆಖಿಮ್ ಹಾಲ್‌ಮಾಯರ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ 192 ಅವಳಿ ಜೋಡಿಗಳ ಅಧ್ಯಯನವನ್ನು ಪ್ರಕಟಿಸಿದರು. ಹಳೆಯ ಅಧ್ಯಯನಗಳಲ್ಲಿ ಭಿನ್ನ ಅವಳಿಗಳ ಹೊಂದಿಕೆ ಸೊನ್ನೆಯ ಸುತ್ತ ಸುಳಿಯುತ್ತಿದ್ದರೆ, ಇಲ್ಲಿ ಗಂಡುಮಕ್ಕಳ ಜೋಡಿಗಳಲ್ಲಿ ಆಟಿಸಂ ವರ್ಣಪಟಲದ (ಸೌಮ್ಯದಿಂದ ತೀವ್ರದವರೆಗಿನ ಆಟಿಸಂನ ಎಲ್ಲ ರೂಪಗಳ) ಹೊಂದಿಕೆ ತದ್ರೂಪಿಗಳಿಗೆ ಶೇ 77, ಭಿನ್ನರಿಗೆ ಶೇ 31 ಎಂದು ಬಂತು. ಭಿನ್ನ ಅವಳಿಗಳ ಹೊಂದಿಕೆ ಏರಿದಷ್ಟೂ ಗಣಿತ ಹಂಚಿಕೊಂಡ ಪರಿಸರದ ಕಡೆಗೆ ವಾಲುತ್ತದೆ. ಅದರಂತೆ ಆಟಿಸಂನಲ್ಲಿ ಕಾಣುವ ವ್ಯತ್ಯಾಸದ ಶೇ 38ರಷ್ಟು ಮಾತ್ರ ವಂಶವಾಹಿಗಳದ್ದು, ಶೇ 58ರಷ್ಟು ಅವಳಿಗಳು ಹಂಚಿಕೊಂಡ ಪರಿಸರದ್ದು ಎಂಬ ಅಂದಾಜು ಹೊರಬಿತ್ತು. ಹಂಚಿಕೊಂಡ ಪರಿಸರ ಎಂದರೆ ಮೊದಲು ನೆನಪಾಗುವುದು ಗರ್ಭವೇ ಆದ್ದರಿಂದ ಎಲ್ಲರ ಕಣ್ಣು ಮತ್ತೆ ಗರ್ಭದ ಮೇಲೆ ಬಿತ್ತು. ಸುದ್ದಿಯಲ್ಲಿ ಬಿಟ್ಟುಹೋದದ್ದು ಆ ಅಂದಾಜಿನ ಅಂಚುಗಳು: ವಂಶವಾಹಿಗಳ ಪಾಲು ಶೇ 14ರಿಂದ 67ರ ನಡುವೆ ಎಲ್ಲಿಯೂ ಇರಬಹುದಿತ್ತು, ಪರಿಸರದ ಪಾಲು ಶೇ 30ರಿಂದ 80ರ ನಡುವೆ. ಅಷ್ಟು ಅಗಲವಾದ ಅಂದಾಜಿನ ಮೇಲೆ ಖಚಿತ ತೀರ್ಮಾನ ಕಟ್ಟಲಾಗದು.

ಸ್ವೀಡನ್ನಿನ ರಾಷ್ಟ್ರೀಯ ದಾಖಲೆಗಳಲ್ಲಿನ ಇಪ್ಪತ್ತು ಲಕ್ಷ ಮಕ್ಕಳನ್ನು ಆಧರಿಸಿ ಕ್ಯಾರೊಲಿನ್ಸ್ಕಾ ಸಂಸ್ಥೆಯ ಸ್ವೆನ್ ಸ್ಯಾಂಡಿನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯಕ್ಕೆ ಹೆಚ್ಚು ಬೆಳಕು ಚೆಲ್ಲುತ್ತದೆ. ಸಾಮಾನ್ಯ ಜನರಿಗೆ ಹೋಲಿಸಿದರೆ, ತದ್ರೂಪಿ ಅವಳಿಗೆ ಆಟಿಸಂ ಇರುವವರಲ್ಲಿ ಅಪಾಯ ಸುಮಾರು 153 ಪಟ್ಟು (ಜೋಡಿಗಳು ಕಡಿಮೆ ಇದ್ದುದರಿಂದ ಈ ಸಂಖ್ಯೆ ಮಾತ್ರ ಬಹಳ ಅಸ್ಥಿರ), ಭಿನ್ನ ಅವಳಿಯಲ್ಲಿ 8.2 ಪಟ್ಟು, ಒಡಹುಟ್ಟಿದವರಲ್ಲಿ 10.3 ಪಟ್ಟು. ತಾಯಿ ಒಬ್ಬಳೇ ಆಗಿ ತಂದೆ ಬೇರೆಯಾದ ಮಕ್ಕಳಲ್ಲಿ 3.3 ಪಟ್ಟು, ತಂದೆ ಒಬ್ಬನೇ ಆಗಿ ತಾಯಿ ಬೇರೆಯಾದ ಮಕ್ಕಳಲ್ಲಿ 2.9 ಪಟ್ಟು. ಈ ಸಂಖ್ಯೆಗಳನ್ನು ಒಂದರ ಪಕ್ಕ ಒಂದಿಟ್ಟು ನಿಧಾನವಾಗಿ ಓದಬೇಕು. ಭಿನ್ನ ಅವಳಿಗಳು ಒಂದೇ ಬಸುರಿನಲ್ಲಿ ಜೊತೆಗಿದ್ದವರು, ಒಡಹುಟ್ಟಿದವರು ಬೇರೆ ಬೇರೆ ಬಸುರಿನಲ್ಲಿ ಬಂದವರು. ಆದರೂ ಇಬ್ಬರ ಅಪಾಯದಲ್ಲಿ ಗಣನೀಯ ವ್ಯತ್ಯಾಸವಿಲ್ಲ. ಆಯಾ ಬಸುರಿನಲ್ಲಿ ನಡೆದ ಜ್ವರ, ಔಷಧ, ಆಹಾರದಂಥ ಸಂಗತಿಗಳೇ ನಿರ್ಣಾಯಕವಾಗಿದ್ದರೆ ಅವಳಿಗಳ ಸಂಖ್ಯೆ ಎದ್ದು ಕಾಣುವಷ್ಟು ಮೇಲಿರಬೇಕಿತ್ತು. ಹಾಗೆಯೇ ಒಂದೇ ತಾಯಿಯ ಗರ್ಭದಿಂದ ಬಂದ ಅರೆ-ಒಡಹುಟ್ಟುಗಳಿಗೂ ಬೇರೆ ಬೇರೆ ತಾಯಂದಿರ ಗರ್ಭದಿಂದ ಬಂದ ಅರೆ-ಒಡಹುಟ್ಟುಗಳಿಗೂ ಅಂತರ ಅತ್ಯಲ್ಪ. ತಾಯಿಯ ಗರ್ಭವನ್ನು ಆರೋಪಿಯ ಸ್ಥಾನದಲ್ಲಿ ನಿಲ್ಲಿಸುವ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತಿಳಿದಂತೆ ಇಲ್ಲ.

ಅದೇ ಸ್ವೀಡಿಷ್ ಮಾಹಿತಿಯಿಂದ 2014ರಲ್ಲಿ ಆನುವಂಶಿಕತೆಯ ಪಾಲು ಸುಮಾರು ಶೇ 50 ಎಂದು ಅಂದಾಜಿಸಿದ್ದ ತಂಡ, 2017ರಲ್ಲಿ ಲೆಕ್ಕದ ವಿಧಾನ ಬದಲಿಸಿ ಶೇ 83 ಎಂದಿತು. 2019ರಲ್ಲಿ ಡೆನ್ಮಾರ್ಕ್, ಫಿನ್ಲೆಂಡ್, ಸ್ವೀಡನ್, ಇಸ್ರೇಲ್ ಮತ್ತು ಪಶ್ಚಿಮ ಆಸ್ಟ್ರೇಲಿಯಾಗಳ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಒಟ್ಟುಗೂಡಿಸಿದ ಅಧ್ಯಯನವೂ ಸುಮಾರು ಶೇ 80 ಎಂಬ ಅಂದಾಜಿಗೆ ಬಂದು ನಿಂತಿತು. ಅವಳಿ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿದ 2016ರ ವಿಶ್ಲೇಷಣೆ ಶೇ 64ರಿಂದ 91ರ ನಡುವಿನ ಪ್ರಮಾಣವನ್ನು ಕೊಟ್ಟಿತ್ತು. ವಂಶವಾಹಿಗಳ ಪ್ರಭಾವ ದೊಡ್ಡದು ಎಂಬುದರಲ್ಲಿ ಇಂದು ಗಂಭೀರ ಭಿನ್ನಾಭಿಪ್ರಾಯ ಉಳಿದಿಲ್ಲ.

ಆದರೆ ಶೇ 80 ಎಂಬ ಮಾತನ್ನು ಜನ ಅರ್ಥಮಾಡಿಕೊಳ್ಳುವ ರೀತಿ ಮಾತ್ರ ಹೆಚ್ಚಾಗಿ ತಪ್ಪು. ಒಂದು ಮಗುವಿನ ಆಟಿಸಂನಲ್ಲಿ ಎಂಬತ್ತು ಭಾಗ ವಂಶವಾಹಿಯಿಂದ, ಇಪ್ಪತ್ತು ಭಾಗ ಪರಿಸರದಿಂದ ಬಂದಿದೆ ಎಂದು ಅದರ ಅರ್ಥವಲ್ಲ. ಒಂದು ನಿರ್ದಿಷ್ಟ ಕಾಲದಲ್ಲಿ, ಒಂದು ನಿರ್ದಿಷ್ಟ ಜನಸಮುದಾಯದಲ್ಲಿ, ವ್ಯಕ್ತಿಯಿಂದ ವ್ಯಕ್ತಿಗೆ ಕಾಣುವ ಭಿನ್ನತೆಯಲ್ಲಿ ಎಷ್ಟು ಪಾಲು ವಂಶವಾಹಿಗಳ ಭಿನ್ನತೆಯೊಂದಿಗೆ ಹೊಂದಿಕೊಂಡು ಹೋಗುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ರುಬೆಲ್ಲಾ ಸೋಂಕನ್ನೇ ನೋಡಿ. 1964ರ ಸುಮಾರಿಗೆ ಅಮೆರಿಕದಲ್ಲಿ ಹರಡಿದ ರುಬೆಲ್ಲಾ ಪಿಡುಗಿನಲ್ಲಿ ಗರ್ಭದಲ್ಲೇ ಸೋಂಕು ತಗುಲಿದ್ದ 243 ಮಕ್ಕಳನ್ನು ಮನೋವೈದ್ಯೆ ಸ್ಟೆಲ್ಲಾ ಚೆಸ್ ಪರೀಕ್ಷಿಸಿ 10 ಮಕ್ಕಳಲ್ಲಿ ಆಟಿಸಂನ ಪೂರ್ಣ ಲಕ್ಷಣಗಳನ್ನೂ 8 ಮಕ್ಕಳಲ್ಲಿ ಭಾಗಶಃ ಲಕ್ಷಣಗಳನ್ನೂ 1971ರಲ್ಲಿ ವರದಿ ಮಾಡಿದರು. ಆಟಿಸಂ ಬಹಳ ವಿರಳವೆಂದು ನಂಬಿದ್ದ ಕಾಲದಲ್ಲಿ ಅದು ದಿಗಿಲು ಹುಟ್ಟಿಸುವ ಪ್ರಮಾಣ. ಲಸಿಕೆಯಿಂದ ರುಬೆಲ್ಲಾ ಹಿಮ್ಮೆಟ್ಟಿದ ಸಮಾಜದಲ್ಲಿ ಆ ಪರಿಸರದ ಕಾರಣ ಇಲ್ಲವಾಗುತ್ತದೆ, ಉಳಿದ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಹಿಗ್ಗುತ್ತದೆ. ಒಬ್ಬರ ವಂಶವಾಹಿಯೂ ಬದಲಾಗದೆ ಆನುವಂಶಿಕತೆಯ ಸಂಖ್ಯೆ ಏರುತ್ತದೆ. ಆದ್ದರಿಂದ ಈ ಸಂಖ್ಯೆ ದೊಡ್ಡದಿದೆ ಎಂದ ಮಾತ್ರಕ್ಕೆ ಗರ್ಭಕಾಲದ ಆರೈಕೆ ವ್ಯರ್ಥ ಎಂದು ತಿಳಿಯುವಂತಿಲ್ಲ.

ವಂಶವಾಹಿಯ ಕಾರಣ ಎಂದ ಕೂಡಲೇ ಅದು ತಂದೆತಾಯಿಯಿಂದಲೇ ಬಂದದ್ದು ಎಂದುಕೊಳ್ಳುವುದೂ ಸರಿಯಲ್ಲ. ಆಟಿಸಂನ ಅಪಾಯದ ಬಹುಪಾಲು, ಎಲ್ಲರಲ್ಲೂ ಅಷ್ಟಿಷ್ಟು ಇರುವ ಸಾಮಾನ್ಯ ಡಿಎನ್‌ಎ ವ್ಯತ್ಯಾಸಗಳು ಸಾವಿರಾರು ಸಂಖ್ಯೆಯಲ್ಲಿ ಕೂಡಿಕೊಂಡು ಉಂಟಾಗುವಂಥದ್ದು. ಒಂದೊಂದರ ಪ್ರಭಾವ ಕಿರಿದು. ಇನ್ನೊಂದು ಬಗೆಯವು ವಿರಳ ಮತ್ತು ಪ್ರಬಲ: ಸಿಎಚ್‌ಡಿ8, ಶ್ಯಾಂಕ್3, ಎಸ್‌ಸಿಎನ್2ಎ ಮುಂತಾದ ವಂಶವಾಹಿಗಳಲ್ಲಿ ಒಂದೇ ಒಂದು ಹಾನಿಕರ ಬದಲಾವಣೆ ಸಾಕು. 2020ರಲ್ಲಿ ಪ್ರಕಟವಾದ ಬೃಹತ್ ವಿಶ್ಲೇಷಣೆ ಇಂಥ 102 ವಂಶವಾಹಿಗಳನ್ನು ಗುರುತಿಸಿತು. ಇವುಗಳಲ್ಲಿನ ಅನೇಕ ಬದಲಾವಣೆಗಳು ತಂದೆಯಲ್ಲೂ ಇಲ್ಲ, ತಾಯಿಯಲ್ಲೂ ಇಲ್ಲ. ವೀರ್ಯಾಣು ಅಥವಾ ಅಂಡ ರೂಪುಗೊಳ್ಳುವಾಗ ಹೊಸದಾಗಿ ತಲೆದೋರಿದವು. ತಂದೆಯ ವಯಸ್ಸಿಗೆ ವರ್ಷ ಕೂಡಿದಂತೆ ಮಗುವಿಗೆ ಸುಮಾರು ಎರಡು ಹೊಸ ಬದಲಾವಣೆಗಳು ಹೆಚ್ಚುವರಿಯಾಗಿ ಸೇರುತ್ತವೆ ಎಂದು ಐಸ್‌ಲೆಂಡಿನ ಸಂಶೋಧಕರು 2012ರಲ್ಲಿ ತೋರಿಸಿದರು. ಹೆಚ್ಚಿನವು ನಿರುಪದ್ರವಿ, ಕೆಲವು ಅಲ್ಲ. ಇಂಥ ಹೊಸ ಬದಲಾವಣೆ ತದ್ರೂಪಿ ಅವಳಿಗಳಿಬ್ಬರಲ್ಲೂ ಇರುತ್ತದೆ, ಭಿನ್ನ ಅವಳಿಗಳಲ್ಲಿ ಸಾಮಾನ್ಯವಾಗಿ ಒಬ್ಬರಲ್ಲಿ ಮಾತ್ರ. ‘ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ, ಹಾಗಾದರೆ ಬಸುರಿನಲ್ಲಿ ಏನೋ ಆಗಿರಬೇಕು’ ಎಂದು ಸೊಸೆಯ ಕಡೆ ಬೆರಳು ತೋರಿಸುವವರಿಗೆ ಈ ಸಂಗತಿ ತಿಳಿದಿರಬೇಕು.

ಈ ವಂಶವಾಹಿಗಳು ಕೆಲಸ ಮಾಡುವುದು ಯಾವಾಗ ಎಂದು ಕೇಳಿದರೆ ಉತ್ತರ ನಮ್ಮನ್ನು ಮತ್ತೆ ಗರ್ಭಕ್ಕೇ ಕರೆತರುತ್ತದೆ. ಆಟಿಸಂಗೆ ಸಂಬಂಧಿಸಿದ ಪ್ರಬಲ ವಂಶವಾಹಿಗಳಲ್ಲಿ ಹಲವು ಅತ್ಯಂತ ಚುರುಕಾಗಿರುವುದು ಬಸುರಿನ ನಡುಗಾಲದಲ್ಲಿ, ಭ್ರೂಣದ ಮಿದುಳಿನ ಹೊರಪದರದಲ್ಲಿ ನರಕೋಶಗಳು ಹುಟ್ಟಿ ತಮ್ಮ ತಮ್ಮ ಸ್ತರಗಳಿಗೆ ಸರಿದು ನೆಲೆಗೊಳ್ಳುವ ಹೊತ್ತಿನಲ್ಲಿ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೀರಿಹೋದ 11 ಆಟಿಸಂ ಇದ್ದ ಮಕ್ಕಳ ಮಿದುಳುಗಳ ಪೈಕಿ 10ರಲ್ಲಿ ಹೊರಪದರದ ಸ್ತರಗಳು ಅಲ್ಲಲ್ಲಿ ತೇಪೆಗಳಂತೆ ಅಸ್ತವ್ಯಸ್ತವಾಗಿದ್ದುದು ಕಂಡುಬಂತು; ಆಟಿಸಂ ಇಲ್ಲದ 11 ಮಕ್ಕಳಲ್ಲಿ ಅದು ಕಂಡದ್ದು ಒಂದರಲ್ಲಿ. ಆ ಸ್ತರಗಳು ರೂಪುಗೊಳ್ಳುವುದು ಹುಟ್ಟುವ ಮುನ್ನವೇ. ಹೀಗೆ ವಂಶವಾಹಿಯ ಕಾರಣವೂ ಗರ್ಭಕಾಲದ ಘಟನೆಯೇ ಆಗಿರುವಾಗ ಎರಡನ್ನೂ ಎದುರುಬದುರು ನಿಲ್ಲಿಸಿ ಯಾರು ದೊಡ್ಡವರು ಎಂದು ಕೇಳುವುದರಲ್ಲಿ ಹುರುಳಿಲ್ಲ.

ಹೊರಗಿನಿಂದ ಬಂದು ಈ ಬೆಳವಣಿಗೆಯನ್ನು ಕದಡಬಲ್ಲ ಅಂಶಗಳು ಇಲ್ಲವೆಂದಲ್ಲ. ರುಬೆಲ್ಲಾದ ಜೊತೆಗೆ ಥ್ಯಾಲಿಡೊಮೈಡ್ ಔಷಧವಿದೆ: ಗರ್ಭಧಾರಣೆಯ ನಂತರದ 20ರಿಂದ 24ನೆಯ ದಿನಗಳ ಸುಮಾರಿಗೆ ಈ ಔಷಧಕ್ಕೆ ಒಡ್ಡಿಕೊಂಡವರಲ್ಲಿ ಆಟಿಸಂ ಕಾಣಿಸಿಕೊಂಡುದನ್ನು ಸ್ವೀಡನ್ನಿನ ಸಂಶೋಧಕರು 1994ರಲ್ಲಿ ವರದಿ ಮಾಡಿದರು. ಅಪಸ್ಮಾರಕ್ಕೆ ಕೊಡುವ ವ್ಯಾಲ್‌ಪ್ರೊಯೇಟ್ ಬಗ್ಗೆ ಪುರಾವೆ ಇನ್ನೂ ಗಟ್ಟಿ. ಡೆನ್ಮಾರ್ಕಿನ 2013ರ ಅಧ್ಯಯನದಲ್ಲಿ ಗರ್ಭದಲ್ಲಿ ಈ ಔಷಧಕ್ಕೆ ಒಡ್ಡಿಕೊಂಡ ಮಕ್ಕಳಲ್ಲಿ ಆಟಿಸಂ ವರ್ಣಪಟಲದ ಪ್ರಮಾಣ ಶೇ 4.42, ಒಟ್ಟು ಮಕ್ಕಳಲ್ಲಿ ಶೇ 1.53. ಹಾಗೆಂದು ಬಸುರಿಯಾದವರು ಔಷಧವನ್ನು ತಾವಾಗಿಯೇ ನಿಲ್ಲಿಸುವುದು ಪ್ರಾಣಕ್ಕೇ ಎರವಾಗಬಹುದು, ಏಕೆಂದರೆ ಹತೋಟಿ ತಪ್ಪಿದ ಅಪಸ್ಮಾರ ತಾಯಿ-ಮಗು ಇಬ್ಬರಿಗೂ ಅಪಾಯ. ಔಷಧ ಬದಲಿಸುವ ಮಾತು ಬಸುರಿಗೆ ಮುಂಚೆಯೇ ವೈದ್ಯರೊಂದಿಗೆ ಆಗಬೇಕು. ಅವಧಿಗೆ ಬಹಳ ಮುಂಚೆ ಹುಟ್ಟುವುದು ಮತ್ತು ತಾಯಿಯ ಮಧುಮೇಹಕ್ಕೂ ಆಟಿಸಂ ಅಪಾಯದೊಂದಿಗೆ ನಂಟು ಕಂಡಿದೆ.

ಇಂಥ ನಂಟುಗಳಲ್ಲಿ ಎಷ್ಟು ನಿಜ, ಎಷ್ಟು ತೋರಿಕೆ ಎಂಬುದನ್ನು ಬೇರ್ಪಡಿಸುವುದೇ ಕಷ್ಟದ ಕೆಲಸ, ಪ್ಯಾರಸಿಟಮಾಲ್ ವಿಷಯದಲ್ಲಿ ಎಡವಿದ್ದು ಇಲ್ಲಿಯೇ. ಸ್ವೀಡನ್ನಿನ ಸುಮಾರು 24.8 ಲಕ್ಷ ಮಕ್ಕಳ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಎಲ್ಲ ಮಕ್ಕಳನ್ನೂ ಒಟ್ಟಾಗಿ ಹೋಲಿಸಿದಾಗ, ತಾಯಿ ಪ್ಯಾರಸಿಟಮಾಲ್ ತೆಗೆದುಕೊಂಡಿದ್ದ ಮಕ್ಕಳಲ್ಲಿ ಆಟಿಸಂ ಅಪಾಯ ಶೇ 5ರಷ್ಟು ಹೆಚ್ಚಿದ್ದಂತೆ ಕಂಡಿತು. ಒಬ್ಬಳೇ ತಾಯಿಯ ಮಕ್ಕಳಲ್ಲಿ ಔಷಧಕ್ಕೆ ಒಡ್ಡಿಕೊಂಡವರನ್ನೂ ಒಡ್ಡಿಕೊಳ್ಳದವರನ್ನೂ ಹೋಲಿಸಿದಾಗ ಆ ಹೆಚ್ಚಳ ಪೂರ್ತಿ ಮಾಯವಾಯಿತು. ತಾಯಿಯ ವಂಶವಾಹಿ, ಆರೋಗ್ಯ, ಆ ಔಷಧ ಬೇಕಾಗುವಂತೆ ಮಾಡಿದ ನೋವು ಮತ್ತು ಜ್ವರಗಳು ಮೊದಲ ಲೆಕ್ಕದಲ್ಲಿ ಔಷಧದ ತಪ್ಪಾಗಿ ತೋರಿದ್ದವು ಎಂಬುದೇ ಇದರ ಸಹಜ ಅರ್ಥ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ: ಡಿಎನ್‌ಎ ಒಂದೇ, ತಾಯಿ ಒಬ್ಬಳೇ, ಬಸುರು ಒಂದೇ, ಆದರೂ ಕೆಲವು ತದ್ರೂಪಿ ಜೋಡಿಗಳಲ್ಲಿ ಒಬ್ಬರಿಗೆ ಆಟಿಸಂ ಇದ್ದು ಇನ್ನೊಬ್ಬರಿಗೆ ಇರುವುದಿಲ್ಲವೇಕೆ? ಒಂದೇ ಗರ್ಭ ಎಂದಾಗ ನಾವು ಊಹಿಸುವಷ್ಟು ಸಮಾನವಾದ ಜಾಗ ಅದಲ್ಲ ಎಂಬುದು ಉತ್ತರದ ಒಂದು ಭಾಗ. ಫಲಿತ ಅಂಡ ಮೊದಲ ಮೂರು ದಿನಗಳೊಳಗೆ ಸೀಳಿದರೆ ತದ್ರೂಪಿಗಳಿಗೂ ಎರಡು ಮಾಸುಗಳು (ಪ್ಲಾಸೆಂಟಾ) ಬೆಳೆಯುತ್ತವೆ. ತಡವಾಗಿ ಸೀಳಿದರೆ ಇಬ್ಬರೂ ಒಂದೇ ಮಾಸನ್ನು ಹಂಚಿಕೊಳ್ಳುತ್ತಾರೆ. ತದ್ರೂಪಿ ಅವಳಿಗಳಲ್ಲಿ ಮೂರನೆಯ ಎರಡು ಭಾಗಕ್ಕೂ ಹೆಚ್ಚಿನವರು ಒಂದೇ ಮಾಸಿನವರು. ಮಾಸು ಒಂದೇ ಎಂದರೆ ಪಾಲು ಸಮವೆಂದಲ್ಲ: ರಕ್ತನಾಳಗಳು ಒಂದಕ್ಕೊಂದು ಕೂಡಿಕೊಂಡು ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿಯಬಹುದು, ಹೊಕ್ಕುಳಬಳ್ಳಿ ಅಂಚಿಗೆ ಅಂಟಿಕೊಂಡ ಮಗುವಿಗೆ ಆಹಾರ ಕಡಿಮೆ ಸಿಗಬಹುದು, ಹುಟ್ಟುವಾಗ ಇಬ್ಬರ ತೂಕದಲ್ಲಿ ಅರ್ಧ ಕಿಲೋ ಅಂತರ ಕಾಣಬಹುದು. ತೂಕದ ಅಂತರ ದೊಡ್ಡದಿದ್ದ ಸ್ವೀಡಿಷ್ ಜೋಡಿಗಳಲ್ಲಿ ಕಡಿಮೆ ತೂಕದ ಮಗುವಿಗೇ ಆಟಿಸಂ ಅಪಾಯ ಹೆಚ್ಚೆಂದು 2012ರ ಅಧ್ಯಯನವೊಂದು ಹೇಳಿದೆ. ಅವಳಿ ವಿಧಾನ ಎರಡೂ ಬಗೆಯ ಅವಳಿಗಳ ಪರಿಸರ ಸಮಾನವೆಂದು ಭಾವಿಸಿ ಹೊರಡುತ್ತದೆ. ಭಿನ್ನ ಅವಳಿಗಳಿಗೆ ಎರಡು ಮಾಸು, ತದ್ರೂಪಿಗಳಲ್ಲಿ ಹೆಚ್ಚಿನವರಿಗೆ ಒಂದು ಎನ್ನುವಾಗ ಆ ಭಾವನೆ ಗರ್ಭದಲ್ಲೇ ಅಲುಗಾಡುತ್ತದೆ.

ಉತ್ತರದ ಇನ್ನೊಂದು ಭಾಗ ಡಿಎನ್‌ಎಯಲ್ಲೇ ಇದೆ. ಐಸ್‌ಲೆಂಡಿನ ಡಿಕೋಡ್ ಸಂಸ್ಥೆ 2021ರಲ್ಲಿ ತೋರಿಸಿದಂತೆ ತದ್ರೂಪಿ ಅವಳಿಗಳ ನಡುವೆ ಭ್ರೂಣದ ಆರಂಭದ ದಿನಗಳಲ್ಲಿ ಉಂಟಾದ ಸರಾಸರಿ 5.2 ಡಿಎನ್‌ಎ ವ್ಯತ್ಯಾಸಗಳಿರುತ್ತವೆ. ಜೊತೆಗೆ ಕೋಟ್ಯಂತರ ನರಕೋಶಗಳು ಜಾಗ ಹುಡುಕಿ ಹೊರಡುವ ಪ್ರಕ್ರಿಯೆಯಲ್ಲಿ ಶುದ್ಧ ಆಕಸ್ಮಿಕಕ್ಕೂ ಪಾಲಿದೆ. ಗಣಿತ ಅದನ್ನು ‘ಹಂಚಿಕೊಳ್ಳದ ಪರಿಸರ’ ಎಂಬ ತಲೆಬರಹದಡಿ ಸೇರಿಸಿಬಿಡುವುದರಿಂದ, ಯಾರೋ ಏನೋ ಮಾಡಿದ್ದರ ಫಲ ಎಂಬ ಭಾವನೆ ಬರುತ್ತದೆ. ಯಾರೂ ಏನೂ ಮಾಡದೆಯೂ ಅಂತರ ಹುಟ್ಟಬಲ್ಲದು.

ಹಾಲುಹಲ್ಲುಗಳ ಅಧ್ಯಯನವೊಂದು ಈ ಅಂತರವನ್ನು ಹತ್ತಿರದಿಂದ ನೋಡಲು ನೆರವಾಗುತ್ತದೆ. ಹಾಲುಹಲ್ಲು ಗರ್ಭದಲ್ಲೇ ರೂಪುಗೊಳ್ಳಲು ತೊಡಗಿ ಪದರ ಪದರವಾಗಿ ಬೆಳೆಯುತ್ತದೆ. ಹುಟ್ಟಿನ ಹೊತ್ತಿನಲ್ಲಿ ಅದರೊಳಗೆ ಒಂದು ಸ್ಪಷ್ಟ ಗೆರೆ ಮೂಡುತ್ತದೆ. ಗೆರೆಯ ಒಂದು ಬದಿಯದು ಹುಟ್ಟುವ ಮೊದಲಿನ ವಾರಗಳ ದಾಖಲೆ, ಇನ್ನೊಂದು ಬದಿಯದು ಆಮೇಲಿನದು. ನ್ಯೂಯಾರ್ಕಿನ ಮೌಂಟ್ ಸೈನಾಯ್ ವೈದ್ಯಕೀಯ ಶಾಲೆಯ ಮನೀಶ್ ಅರೋರಾ ಮತ್ತು ಸಂಗಡಿಗರು ಸ್ವೀಡನ್ನಿನ ಅವಳಿಗಳ ಬಿದ್ದ ಹಾಲುಹಲ್ಲುಗಳನ್ನು ಲೇಸರ್‌ನಿಂದ ಪದರವಾರು ಪರೀಕ್ಷಿಸಿ 2017ರಲ್ಲಿ ವರದಿ ಮಾಡಿದರು. ಒಬ್ಬರಿಗೆ ಮಾತ್ರ ಆಟಿಸಂ ಇದ್ದ ಜೋಡಿಗಳಲ್ಲಿ, ಆಟಿಸಂ ಇದ್ದ ಮಗುವಿನ ಹಲ್ಲಿನಲ್ಲಿ ಸೀಸ ಹೆಚ್ಚು, ಮ್ಯಾಂಗನೀಸ್ ಕಡಿಮೆ, ಬಸುರಿನ ಕೊನೆಯ ತಿಂಗಳುಗಳ ಪದರದಲ್ಲಿ ಸತುವೂ ಕಡಿಮೆ. ಗುಂಪು ಚಿಕ್ಕದು, ತೀರ್ಮಾನಗಳು ತಾತ್ಕಾಲಿಕ. ನನ್ನ ಗಮನ ಹೋಗುವುದು ಬೇರೆ ಕಡೆಗೆ: ಇಬ್ಬರೂ ಒಬ್ಬಳೇ ತಾಯಿಯ ರಕ್ತದಿಂದ, ಅವಳು ಉಂಡ ಅನ್ನದಿಂದ, ಉಸಿರಾಡಿದ ಗಾಳಿಯಿಂದ ಲೋಹಗಳನ್ನು ಪಡೆದವರು. ಹುಟ್ಟುವ ಮೊದಲಿನ ಪದರಗಳಲ್ಲೇ ವ್ಯತ್ಯಾಸ ಕಂಡಿದೆ ಎಂದರೆ, ಅದು ತಾಯಿ ಏನನ್ನು ಕೊಟ್ಟಳು ಎಂಬುದಕ್ಕಿಂತ ಮಾಸು ಏನನ್ನು ದಾಟಿಸಿತು, ಮಗುವಿನ ದೇಹ ಅದನ್ನು ಹೇಗೆ ನಿಭಾಯಿಸಿತು ಎಂಬುದರಿಂದ ಬಂದಿರುವ ಸಾಧ್ಯತೆಯೇ ಹೆಚ್ಚು.

ಕುಟುಂಬಗಳಿಗೆ ಬೇಕಾದ ಕೆಲವು ಮಾತುಗಳನ್ನು ಈ ಎಲ್ಲದರಿಂದ ಧೈರ್ಯವಾಗಿ ಹೇಳಬಹುದು. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಆಟಿಸಂ ಗುರುತಿಸಲ್ಪಟ್ಟರೆ ಇನ್ನೊಬ್ಬರನ್ನೂ ತಡಮಾಡದೆ ಪರೀಕ್ಷಿಸಬೇಕು, ಮೇಲ್ನೋಟಕ್ಕೆ ಚುರುಕಾಗಿದ್ದರೂ ಸರಿ. ಇಬ್ಬರಿಗೂ ಆಟಿಸಂ ಇರುವ ತದ್ರೂಪಿ ಜೋಡಿಗಳಲ್ಲೂ ಲಕ್ಷಣಗಳ ತೀವ್ರತೆ ಬೇರೆ ಬೇರೆಯಾಗಿರುವುದು ಸಾಮಾನ್ಯ, ಆದ್ದರಿಂದ ಒಬ್ಬರ ಜೊತೆ ಹೋಲಿಸಿ ಇನ್ನೊಬ್ಬರು ಸರಿಯಾಗಿದ್ದಾರೆ ಎಂದುಕೊಳ್ಳುವುದು ಸುಲಭ. ಆಟಿಸಂ ಇರುವ ಮಗುವಿನ ನಂತರ ಹುಟ್ಟುವ ಮಗುವಿಗೂ ಆಟಿಸಂ ಇರುವ ಸಾಧ್ಯತೆ ಸುಮಾರು ಶೇ 20 ಎಂದು 2024ರ ಬಹುಕೇಂದ್ರ ಅಧ್ಯಯನ ಹೇಳುತ್ತದೆ, ಅಂದರೆ ಐದರಲ್ಲಿ ನಾಲ್ಕು ಮಕ್ಕಳಿಗೆ ಇರುವುದಿಲ್ಲ. ವಂಶವಾಹಿ ಪರೀಕ್ಷೆಯಲ್ಲಿ ಸ್ಪಷ್ಟ ಕಾರಣ ಸಿಗುವುದು ಕೆಲವರಲ್ಲಿ ಮಾತ್ರ, ಆದರೆ ಸಿಕ್ಕಾಗ ಅದು ಹೊಸ ಬದಲಾವಣೆಯೋ ಬಳುವಳಿಯಾಗಿ ಬಂದದ್ದೋ ಎಂಬುದು ಗೊತ್ತಾಗಿ ಮುಂದಿನ ಬಸುರಿನ ಲೆಕ್ಕವೇ ಬದಲಾಗುತ್ತದೆ.

ಸಂಶೋಧನೆಯ ಕಡೆಯಿಂದ ಆಗಬೇಕಾದ ಕೆಲಸವೂ ಉಳಿದಿದೆ. ಇಲ್ಲಿ ಹೇಳಿದ ಅವಳಿ ಅಧ್ಯಯನಗಳಲ್ಲಿ ಹೆಚ್ಚಿನವು ಯುರೋಪು ಮತ್ತು ಅಮೆರಿಕದ ಮಕ್ಕಳನ್ನು ನೋಡಿದವು. ಪೌಷ್ಟಿಕತೆ, ಸೋಂಕುಗಳು, ಹೆರಿಗೆಯ ಸೌಲಭ್ಯ ಬೇರೆಯಾಗಿರುವ ಸಮಾಜಗಳಲ್ಲಿ ವಂಶವಾಹಿ ಮತ್ತು ಪರಿಸರದ ಪಾಲು ಅದೇ ಪ್ರಮಾಣದಲ್ಲಿ ಇರುತ್ತದೆಂದು ಭಾವಿಸಲು ಆಧಾರವಿಲ್ಲ. ಅವಳಿಗಳು ಒಂದೇ ಮಾಸಿನವರೋ ಎರಡು ಮಾಸಿನವರೋ ಎಂಬುದನ್ನು ಹೆರಿಗೆಯ ಹೊತ್ತಿನಲ್ಲೇ ಬರೆದಿಡಬೇಕು, ಎರಡೂ ಮಕ್ಕಳ ತೂಕವನ್ನೂ ಹೊಕ್ಕುಳಬಳ್ಳಿ ಅಂಟಿದ ಜಾಗವನ್ನೂ ಅದರ ಜೊತೆಗೆ ದಾಖಲಿಸಬೇಕು. ವರ್ಷಗಳ ನಂತರ ಇಬ್ಬರಲ್ಲಿ ಒಬ್ಬರಿಗೆ ಆಟಿಸಂ ಇರುವುದು ಗೊತ್ತಾದಾಗ, ತಾಯಿಯ ನೆನಪನ್ನು ಕೆದಕುವ ಬದಲು ಆ ದಾಖಲೆಯನ್ನು ತೆರೆದು ನೋಡಲು ಸಾಧ್ಯವಾಗುತ್ತದೆ.